ಸರಿ ಚಮಚದಲ್ಲಿ ನಿಲ್ಲಬೇಕು: ಆರು ತಿಂಗಳು ತುಂಬಿದ ಮಗುವಿಗೆ ಊಟ ಶುರು ಮಾಡುವ ಬಗೆ

ಹಳೇ ಮೈಸೂರಿನ ಕಡೆ ರಾಗಿ ಸರಿ, ಕರಾವಳಿ-ಮಲೆನಾಡಿನ ಕಡೆ ರಾಗಿ ಮಣ್ಣಿ. ಹೆಸರು ಯಾವುದಾದರೂ ಇರಲಿ, ನಮ್ಮಲ್ಲಿ ಎಷ್ಟೋ ಮಕ್ಕಳ ಮೊದಲ ಊಟ ರಾಗಿಯದೇ. ಆಯ್ಕೆ ಒಳ್ಳೆಯದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿ, ಗೋಧಿ ಅದರ ಹತ್ತಿರಕ್ಕೂ ಬರುವುದಿಲ್ಲ. ಎಡವಟ್ಟಾಗುವುದು ಹದದಲ್ಲಿ. ಮಗುವಿಗೆ ಅರಗುವುದಿಲ್ಲ, ಹೊಟ್ಟೆ ಮಂದ ಆಗುತ್ತದೆ ಎಂದು ಸರಿಯನ್ನು ನೀರುನೀರಾಗಿ ಕಾಯಿಸುತ್ತಾರೆ. ಒಂಬತ್ತು ತಿಂಗಳಾದರೂ ಅದೇ ಹದ, ಅದೊಂದೇ ಊಟ. ಮಗು ದಿನಕ್ಕೆ ಮೂರು ಬಟ್ಟಲು ಖಾಲಿ ಮಾಡುತ್ತದೆ, ತೂಕ ಮಾತ್ರ ನಿಂತಲ್ಲೇ ನಿಂತಿರುತ್ತದೆ.

ಏಕೆ ಹೀಗೆ ಎಂಬುದಕ್ಕೆ ಸಣ್ಣ ಲೆಕ್ಕ ಸಾಕು. ತಾಯಿಹಾಲಿನ 100 ಎಂಎಲ್‌ನಲ್ಲಿ 65ರಿಂದ 70 ಕ್ಯಾಲೊರಿ ಇರುತ್ತದೆ. ಒಂದು ಲೋಟ ನೀರಿಗೆ ಒಂದೇ ದೊಡ್ಡ ಚಮಚ ಹಿಟ್ಟು ಕದಡಿ ಕಾಯಿಸಿದ ತೆಳು ಸರಿಯ 100 ಎಂಎಲ್‌ನಲ್ಲಿ ಸಿಗುವುದು 15 ಕ್ಯಾಲೊರಿ ಆಸುಪಾಸು. ಮಗುವಿನ ಹೊಟ್ಟೆ ಒಂದು ಹೊತ್ತಿಗೆ ಹಿಡಿಸುವುದು ಅದರ ತೂಕದ ಕೆಜಿಗೆ 30 ಎಂಎಲ್‌ನಂತೆ. ಏಳು ಕೆಜಿಯ ಮಗುವಾದರೆ ಸುಮಾರು 200 ಎಂಎಲ್. ಆ ಜಾಗವನ್ನು ತೆಳು ಸರಿ ತುಂಬಿಬಿಟ್ಟರೆ ಮಗು ಎದೆಹಾಲು ಬಿಡುತ್ತದೆ, ಬದಲಿಗೆ ಸಿಕ್ಕಿದ್ದು ಅದರ ಕಾಲುಭಾಗ ಶಕ್ತಿಯೂ ಇಲ್ಲದ ನೀರು. ಮೊಳಕೆ ರಾಗಿ ಹಿಟ್ಟು ಮೂರು ಚಮಚ ಹಾಕಿ ಗಟ್ಟಿಯಾಗಿ ಕಾಯಿಸಿ, ಒಂದು ಟೀ ಚಮಚ ತುಪ್ಪ ಬೆರೆಸಿದರೆ ಅದೇ 100 ಎಂಎಲ್‌ಗೆ 70 ಕ್ಯಾಲೊರಿ ದಾಟುತ್ತದೆ. ಈ ಲೇಖನದಲ್ಲಿ ಬೇರೆ ಏನು ಮರೆತರೂ ಇದೊಂದನ್ನು ಮರೆಯಬೇಡಿ: ಸರಿ ಚಮಚದಲ್ಲಿ ನಿಲ್ಲಬೇಕು.

ಅಳತೆಯ ಮಾತು ಮೊದಲೇ ಹೇಳಿಬಿಡುತ್ತೇವೆ. ಇಲ್ಲಿ ಟೀ ಚಮಚ ಎಂದರೆ 5 ಎಂಎಲ್, ದೊಡ್ಡ ಚಮಚ ಎಂದರೆ 15 ಎಂಎಲ್, ಲೋಟ ಎಂದರೆ 200 ಎಂಎಲ್, ಬಟ್ಟಲು ಎಂದರೆ 250 ಎಂಎಲ್. ಮನೆಯ ಪಾತ್ರೆಗಳನ್ನು ಔಷಧಿ ಬಾಟಲಿಯ ಮುಚ್ಚಳದಿಂದ ಒಮ್ಮೆ ಅಳೆದು ನೋಡಿಟ್ಟುಕೊಳ್ಳಿ.

ಯಾವಾಗ ಶುರು ಮಾಡಬೇಕು

180 ದಿನ ತುಂಬಿದ ಮೇಲೆ. ಅಲ್ಲಿಯತನಕ ಎದೆಹಾಲು ಬಿಟ್ಟು ನೀರೂ ಬೇಡ. ಅನ್ನಪ್ರಾಶನದ ಮುಹೂರ್ತ ಐದನೇ ತಿಂಗಳಲ್ಲೇ ಬಂದರೆ ತುಟಿಗೆ ಮುಟ್ಟಿಸಿ ಶಾಸ್ತ್ರ ಮುಗಿಸಿ, ಊಟವನ್ನು ತಿಂಗಳು ತುಂಬುವತನಕ ತಡೆಯಿರಿ. ತೀರಾ ತಡ ಮಾಡುವುದೂ ತಪ್ಪು. ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ಕೂಡಿಟ್ಟುಕೊಂಡ ಕಬ್ಬಿಣಾಂಶ ಆರು ತಿಂಗಳ ಹೊತ್ತಿಗೆ ಕರಗುತ್ತಾ ಬಂದಿರುತ್ತದೆ, ಎದೆಹಾಲಿನಲ್ಲಿ ಕಬ್ಬಿಣ ಇರುವುದೇ ಕಡಿಮೆ. ಹಲ್ಲು ಬಂದಿಲ್ಲ ಎಂದು ಕಾಯುವವರಿದ್ದಾರೆ. ಹಲ್ಲಿಗೂ ಇದಕ್ಕೂ ಸಂಬಂಧವಿಲ್ಲ, ವಸಡಿನಲ್ಲೇ ಮಗು ಚೆನ್ನಾಗಿ ನುರಿಸುತ್ತದೆ.

ಮಗುವೂ ಸಿದ್ಧವಾಗಿರಬೇಕು. ಆಸರೆ ಕೊಟ್ಟರೆ ಕೂರಬೇಕು, ಕತ್ತು ನಿಂತಿರಬೇಕು, ನಿಮ್ಮ ತಟ್ಟೆಗೆ ಕೈ ಚಾಚಬೇಕು, ಚಮಚ ಬಾಯಿಗಿಟ್ಟರೆ ನಾಲಗೆಯಿಂದ ಹೊರಗೆ ನೂಕಬಾರದು. ನೂಕಿದರೆ ನಾಲ್ಕು ದಿನ ಬಿಟ್ಟು ಮತ್ತೆ ನೋಡಿ. ಅವಧಿಗೆ ಮೊದಲೇ ಹುಟ್ಟಿದ ಮಗುವಾದರೆ ಯಾವ ದಿನದಿಂದ ಎಣಿಸಬೇಕು ಎಂದು ನಿಮ್ಮ ಮಕ್ಕಳ ಡಾಕ್ಟರನ್ನೇ ಕೇಳಿ.

ಸರಿ ಹಿಟ್ಟು ಮನೆಯಲ್ಲೇ ಮಾಡುವುದು

ಮೊದಲ ಸಲ ಅರ್ಧ ಕೆಜಿ ರಾಗಿ ಸಾಕು. ಇದಕ್ಕೆ ಎರಡು-ಮೂರು ದಿನ ಬೇಕು, ಹಾಗಾಗಿ ಬಿಸಿಲಿರುವ ವಾರ ನೋಡಿಕೊಳ್ಳಿ.

ರಾಗಿಯನ್ನು ಕೇರಿ, ಕಲ್ಲು ಹೋಗುವಂತೆ ನೀರಿನಲ್ಲಿ ಗಾಳಿಸಿ. ಮರಳು ಪಾತ್ರೆಯ ತಳದಲ್ಲಿ ಕೂರುತ್ತದೆ, ಆದ್ದರಿಂದ ಕೊನೆಯ ಒಂದು ಹಿಡಿಯನ್ನು ಆಸೆಪಡದೆ ಚೆಲ್ಲಿಬಿಡಿ. ನೀರು ತಿಳಿಯಾಗುವತನಕ ನಾಲ್ಕೈದು ಸಲ ತೊಳೆಯಬೇಕಾಗುತ್ತದೆ. ಆಮೇಲೆ ರಾಗಿಯ ಮೂರರಷ್ಟು ನೀರು ಹಾಕಿ 8ರಿಂದ 10 ಗಂಟೆ ನೆನೆಸಿ. ರಾತ್ರಿ ನೆನೆಸಿದರೆ ಬೆಳಿಗ್ಗೆಗೆ ಸರಿಹೋಗುತ್ತದೆ. ಬೇಸಿಗೆಯಲ್ಲಿ ನಡುವೆ ಒಮ್ಮೆ ನೀರು ಬದಲಿಸಿ, ಇಲ್ಲವಾದರೆ ಹುಳಿ ವಾಸನೆ ಬರುತ್ತದೆ.

ನೀರು ಪೂರ್ತಿ ಬಸಿದು, ಒದ್ದೆ ಮಾಡಿ ಹಿಂಡಿದ ಬಿಳಿ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ, ತೂತಿನ ಪಾತ್ರೆಯಲ್ಲಿಟ್ಟು ಮುಚ್ಚಿಡಿ. ಬಿಗಿಯಾಗಿ ಕಟ್ಟಿದರೆ ನಡುವಿನ ಕಾಳಿಗೆ ಗಾಳಿ ಹೋಗದೆ ಬಿಸಿಯೇರಿ ಲೋಳೆಯಾಗುತ್ತದೆ. ಬಟ್ಟೆ ಒಣಗಿದಂತೆ ಕಂಡರೆ ನೀರು ಚಿಮುಕಿಸಿ. ಸೆಕೆಗಾಲದಲ್ಲಿ 24 ಗಂಟೆಗೇ ಬಿಳಿ ಮೊಳಕೆ ಕಾಣುತ್ತದೆ, ಚಳಿಗಾಲದಲ್ಲಿ 36 ಗಂಟೆಯೂ ಹಿಡಿಯಬಹುದು. ಮೊಳಕೆ ಎರಡು-ಮೂರು ಮಿಲಿಮೀಟರ್ ಬಂದರೆ ಸಾಕು. ಉದ್ದ ಬಿಟ್ಟಷ್ಟೂ ಬೇರುಗಳು ಒಂದಕ್ಕೊಂದು ಹೆಣೆದುಕೊಂಡು ಬಿಡಿಸಲಾಗದ ಚಾಪೆಯಾಗುತ್ತದೆ, ಹಿಟ್ಟೂ ಕಹಿಯಾಗುತ್ತದೆ. ಗಂಟು ಬಿಚ್ಚಿದಾಗ ಹಸಿ ಹುಲ್ಲಿನಂತಹ ವಾಸನೆ ಇರಬೇಕು. ಹುಳಿ ವಾಸನೆ, ಲೋಳೆ, ಬೂಷ್ಟು ಕಂಡರೆ ತೊಳೆದು ಬಳಸುವ ಯೋಚನೆ ಬೇಡ, ಎಲ್ಲವನ್ನೂ ಎಸೆಯಿರಿ.

ಬಟ್ಟೆಯ ಮೇಲೆ ತೆಳ್ಳಗೆ ಹರಡಿ, ನೆರಳಲ್ಲಿ ಫ್ಯಾನಿನ ಕೆಳಗೆ ಮೇಲಿನ ಪಸೆ ಆರಲು ಬಿಟ್ಟು, ನಂತರ ಬಿಸಿಲಿಗಿಡಿ. ಮೇಲೊಂದು ತೆಳು ಬಟ್ಟೆ ಮುಚ್ಚಿ, ನೊಣ ಧೂಳು ಕೂರದಿರಲಿ. ಕಾಳನ್ನು ಹಲ್ಲಿನಲ್ಲಿ ಕಚ್ಚಿದರೆ ಟಕ್ಕೆಂದು ಒಡೆಯಬೇಕು. ಮೆತ್ತಗೆ ಅಪ್ಪಚ್ಚಿಯಾದರೆ ಇನ್ನೂ ಪಸೆ ಇದೆ ಎಂದರ್ಥ. ಪಸೆ ಉಳಿದ ಹಿಟ್ಟು ಡಬ್ಬಿಯಲ್ಲಿ ಹತ್ತೇ ದಿನಕ್ಕೆ ಮುಗ್ಗುತ್ತದೆ. ಒಣಗಿದ ಕಾಳನ್ನು ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿದರೆ ಒಣಬೇರು ಹಾರಿಹೋಗುತ್ತದೆ.

ಇನ್ನು ಹುರಿಯುವುದು. ದಪ್ಪ ತಳದ ಬಾಣಲೆ, ಸಣ್ಣ ಉರಿ, ಕೈಬಿಡದೆ ಕೆದಕುತ್ತಾ ಕಾಳು ಬೆಚ್ಚಗಾಗಿ ಘಮ ಬರುವುದಕ್ಕೆ ಶುರುವಾದೊಡನೆ ಇಳಿಸಿಬಿಡಿ, ನಾಲ್ಕೈದು ನಿಮಿಷ ಸಾಕು. ಅರಳು ಸಿಡಿಯುವತನಕ ಹುರಿದರೆ ಮೊಳಕೆ ಬರಿಸಿದ ಶ್ರಮದ ಅರ್ಧ ಪಾಲು ವ್ಯರ್ಥ. ಮೊಳೆಯುವಾಗ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟವನ್ನು ಒಡೆದು ಸರಿಯನ್ನು ಸಡಿಲ ಮಾಡುತ್ತದೆ. ಹಾಗಾಗಿ ಅದೇ ಒಂದು ಲೋಟ ನೀರಿಗೆ ಒಂದೂವರೆ-ಎರಡು ಚಮಚದ ಬದಲು ಮೂರು ಚಮಚ ಹಿಟ್ಟು ಹಿಡಿಸಬಹುದು, ಮಗು ನುಂಗಲು ಕಷ್ಟವೂ ಆಗುವುದಿಲ್ಲ. ಜಾಸ್ತಿ ಕಾವಿಗೆ ಈ ಕಿಣ್ವ ಸತ್ತುಹೋಗುತ್ತದೆ. ಮೊಳಕೆಯಿಂದ ಇನ್ನೂ ಒಂದು ಲಾಭ: ರಾಗಿಯಲ್ಲಿ ಕಬ್ಬಿಣವನ್ನು ಮೈಗೆ ಹತ್ತಲು ಬಿಡದ ಫೈಟೇಟ್ ಎಂಬ ಅಂಶವಿದೆ, ಅದು ಮೊಳಕೆ ಬಂದಾಗ ಇಳಿಯುತ್ತದೆ.

ಅರ್ಧ ಕೆಜಿಯಾದರೆ ಮಿಕ್ಸಿಯಲ್ಲೇ ಎರಡು-ಮೂರು ಸರ್ತಿ ಮಾಡಿ ಬೀಸಿಕೊಳ್ಳಬಹುದು. ಮಿಲ್ಲಿಗೆ ಕೊಟ್ಟರೆ ಬೇರೊಬ್ಬರ ರಾಗಿ ಬೀಸಿದ ಮೇಲೆ ಹಾಕಿಸಿ. ಗೋಧಿಯೋ ಸಾಂಬಾರ್ ಪುಡಿಯೋ ಬೀಸಿದ ಕಲ್ಲಿಗೆ ಹಾಕಿದರೆ ಅದರ ಪುಡಿಯೂ ಸೇರುತ್ತದೆ. ಬಿಸಿ ಹಿಟ್ಟನ್ನು ಹಾಳೆಯ ಮೇಲೆ ಹರಡಿ ಆರಿಸಿದ ಮೇಲೆಯೇ ಜರಡಿ ಹಿಡಿಯಿರಿ. ಮೊದಲ ಎರಡು ತಿಂಗಳಿಗೆ ಡಬ್ಬಿಯ ಬಾಯಿಗೆ ತೆಳು ಮಲ್ ಬಟ್ಟೆ ಕಟ್ಟಿ ಅದರ ಮೇಲೆ ಹಿಟ್ಟು ಸುರಿದು ಕೈಯಾಡಿಸುವ ನಮ್ಮ ಹಳೇ ಕ್ರಮವೇ ಚೆಂದ, ಬೂದಿಯಷ್ಟು ನುಣುಪಾದ ವಸ್ತ್ರಗಾಳಿತ ಹಿಟ್ಟು ಕೆಳಗಿಳಿಯುತ್ತದೆ. ಎಂಟನೇ ತಿಂಗಳ ನಂತರ ಸಾಮಾನ್ಯ ಜರಡಿ ಸಾಕು. ಬಟ್ಟೆಯ ಮೇಲೆ ಉಳಿಯುವ ತೌಡಿನಲ್ಲೂ ಸತ್ವವಿದೆ, ಅದನ್ನು ಮನೆಯವರ ರೊಟ್ಟಿಗೆ ಸೇರಿಸಿ.

ಒಣಗಿದ ಸ್ಟೀಲ್ ಅಥವಾ ಗಾಜಿನ ಡಬ್ಬಿಯಲ್ಲಿ ಒಂದು ತಿಂಗಳು, ಫ್ರಿಡ್ಜಿನಲ್ಲಿ ಎರಡು ತಿಂಗಳು ಇಡಬಹುದು. ಬಾದಾಮಿ, ಗೋಡಂಬಿ, ಕಡಲೆಬೀಜ ಎಲ್ಲವನ್ನೂ ಸೇರಿಸಿ ಒಟ್ಟಿಗೇ ಬೀಸಿಡುವ ಅಭ್ಯಾಸ ಈಗ ಹೆಚ್ಚಾಗಿದೆ. ಎರಡು ಕಾರಣಕ್ಕೆ ಅದು ಬೇಡ. ಬೀಜದ ಎಣ್ಣೆಯಿಂದ ಹಿಟ್ಟು ಎರಡೇ ವಾರಕ್ಕೆ ಕಮಟು ಹಿಡಿಯುತ್ತದೆ. ಇನ್ನೊಂದು, ಮಗುವಿಗೆ ಏನಾದರೂ ಒಗ್ಗದಿದ್ದರೆ ಯಾವುದರಿಂದ ಎಂದು ಹೇಳಲಾಗುವುದಿಲ್ಲ.

ಸರಿ ಕಾಯಿಸುವ ಹದ

ಒಂದು ಲೋಟ ನೀರಿಗೆ ಮೂರು ದೊಡ್ಡ ಚಮಚ ಮೊಳಕೆ ಹಿಟ್ಟು. ಅಂಗಡಿಯ ಸಾದಾ ರಾಗಿ ಹಿಟ್ಟಾದರೆ ಎರಡು ಚಮಚ. ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಆಮೇಲೆ ಒಲೆಗಿಡಿ. ಕುದಿಯುವ ನೀರಿಗೆ ಒಣಹಿಟ್ಟು ಉದುರಿಸಿದರೆ ಗಂಟು ಕಟ್ಟುತ್ತದೆ, ಒಳಗೆ ಹಸಿಹಿಟ್ಟು ಉಳಿದು ಮಗುವಿಗೆ ಹೊಟ್ಟೆ ಉಬ್ಬರ ಬರುತ್ತದೆ.

ಮೊಳಕೆ ಹಿಟ್ಟಿಗೆ ಇನ್ನೊಂದು ಸೂಕ್ಷ್ಮ ಇದೆ. ಉರಿ ಸಣ್ಣದಾಗಿಟ್ಟು ಬೆರಳು ತಡೆಯದಷ್ಟು ಬಿಸಿಯಾಗುವತನಕ ಐದು ನಿಮಿಷ ನಿಧಾನವಾಗಿ ಗೊಟಾಯಿಸಿ. ಮೊದಲು ಗಂಜಿಯಂತೆ ದಪ್ಪವಾಗಲು ಹೊರಟ ಸರಿ ಈ ಹೊತ್ತಿನಲ್ಲಿ ಸೌಟಿನ ಕೆಳಗೆ ಸಡಿಲವಾಗುವುದು ಕೈಗೇ ತಿಳಿಯುತ್ತದೆ. ಕಿಣ್ವ ಕೆಲಸ ಮಾಡುತ್ತಿರುವುದು ಆಗಲೇ. ಒಮ್ಮೆಲೇ ಜೋರು ಉರಿ ಕೊಟ್ಟರೆ ಅದಕ್ಕೆ ಅವಕಾಶವೇ ಸಿಗದೆ ಸರಿ ಅಂಟಂಟಾಗಿ ನಿಲ್ಲುತ್ತದೆ. ಆಮೇಲೆ ಉರಿ ಏರಿಸಿ ಕುದಿ ಬರಿಸಿ, ಮತ್ತೆ ಇಳಿಸಿ ಐದಾರು ನಿಮಿಷ ಬೇಯಿಸಿ. ಈ ಕುದಿ ಬಿಡುವಂತಿಲ್ಲ. ಮೊಳಕೆ ಕಾಳಿನಲ್ಲಿ ಬ್ಯಾಕ್ಟೀರಿಯಾ ಬೆಳೆದಿರುವ ಸಾಧ್ಯತೆ ಹೆಚ್ಚು, ಕುದಿಸಿದರೆ ಮಾತ್ರ ಅದು ಹೋಗುತ್ತದೆ. ಮಣ್ಣಿನ ಬಣ್ಣ ಹೋಗಿ ಕಡುಗಂದು ಬಂದು, ಮೇಲೆ ಹೊಳಪು ಕಂಡು, ಹಸಿ ವಾಸನೆ ಹೋದರೆ ಬೆಂದಿದೆ.

ಇಳಿಸಿ, ಉಗುರುಬೆಚ್ಚಗಾದ ಮೇಲೆ ಹದ ನೋಡಿ, ಏಕೆಂದರೆ ಆರುತ್ತಾ ಸರಿ ಗಟ್ಟಿಯಾಗುತ್ತದೆ. ಚಮಚದಲ್ಲಿ ತೆಗೆದು ಓರೆ ಹಿಡಿಯಿರಿ. ನೀರಿನಂತೆ ಸುರಿದರೆ ತೆಳು. ಅಲುಗಾಡದೆ ಮುದ್ದೆಯಂತೆ ಕೂತರೆ ಗಟ್ಟಿ, ಎರಡು ಚಮಚ ಎದೆಹಾಲೋ ಬಿಸಿನೀರೋ ಬೆರೆಸಿ. ನಿಧಾನವಾಗಿ ಜಾರಿ, ಚಮಚದ ಮೇಲೆ ಒಂದು ಪದರ ಬಿಟ್ಟುಹೋದರೆ ಹದ ಸರಿಯಾಗಿದೆ. ಅರ್ಧದಿಂದ ಒಂದು ಟೀ ಚಮಚ ತುಪ್ಪ ಬೆರೆಸಿ. ಉಪ್ಪು ಬೇಡ, ಬೆಲ್ಲ ಸಕ್ಕರೆಯೂ ಬೇಡ. ಸಪ್ಪೆ ಎಂದು ಅನಿಸುವುದು ನಮ್ಮ ನಾಲಗೆಗೆ. ರುಚಿ ಎಂದರೇನೆಂದು ಮಗು ಈಗಷ್ಟೇ ಕಲಿಯುತ್ತಿದೆ.

ಮಗು ಅರ್ಧ ತಿಂದು ಬಿಟ್ಟ ಸರಿ ಹತ್ತು ನಿಮಿಷದಲ್ಲಿ ನೀರಾಗುವುದನ್ನು ಗಮನಿಸಿರುತ್ತೀರಿ. ಅದೂ ಅಮೈಲೇಸ್‌ನ ಕೆಲಸವೇ, ಮಗುವಿನ ಜೊಲ್ಲಿನಲ್ಲಿರುವುದು. ಚಮಚದಿಂದ ಬಟ್ಟಲಿಗೆ ಜೊಲ್ಲು ಸೇರಿದ ಮೇಲೆ ಆ ಸರಿಯನ್ನು ಮುಂದಿನ ಹೊತ್ತಿಗೆ ಇಡಬಾರದು. ಅದಕ್ಕೇ ಎರಡು ಬಟ್ಟಲು ಇಟ್ಟುಕೊಳ್ಳಿ, ಸ್ವಲ್ಪಸ್ವಲ್ಪವೇ ತೆಗೆದು ತಿನ್ನಿಸಿ. ಮುಟ್ಟದ ಸರಿಯೂ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಪ್ರಯಾಣಕ್ಕೆಂದು ಬೆಚ್ಚಗಿನ ಸರಿಯನ್ನು ಫ್ಲಾಸ್ಕಿನಲ್ಲಿ ತುಂಬಿ ಒಯ್ಯುವುದು ಅಪಾಯ, ಆ ಬೆಚ್ಚಗಿನಲ್ಲೇ ಕ್ರಿಮಿ ಬೇಗ ಬೆಳೆಯುವುದು. ಫ್ಲಾಸ್ಕಿನಲ್ಲಿ ಕುದಿಸಿದ ನೀರು, ಡಬ್ಬಿಯಲ್ಲಿ ಹುರಿದು ಪುಡಿ ಮಾಡಿದ ಅವಲಕ್ಕಿ, ಜೊತೆಗೆ ಒಂದು ಬಾಳೆಹಣ್ಣು ಇದ್ದರೆ ಬಸ್ಸಿನಲ್ಲೂ ಎರಡು ನಿಮಿಷಕ್ಕೆ ಮಗುವಿನ ಊಟ ತಯಾರು.

ಮೊದಲ ಎರಡು ವಾರ

ಬೆಳಿಗ್ಗೆ, ನಿದ್ದೆ ಮುಗಿದು ಮಗು ಗೆಲುವಾಗಿರುವ ಹೊತ್ತು ಒಳ್ಳೆಯದು. ಹಸಿದು ಅಳುವ ಮಗುವಿಗೆ ಚಮಚ ಕಂಡರೆ ಸಿಟ್ಟು, ಹೊಟ್ಟೆ ತುಂಬಿದ ಮಗುವಿಗೆ ಬೇಸರ. ಎರಡು ಎದೆಹಾಲಿನ ನಡುವಿನ ಹೊತ್ತು ನೋಡಿಕೊಳ್ಳಿ. ಮೊದಲ ದಿನ ಎರಡು ಟೀ ಚಮಚ ಹೋದರೂ ಸಾಕು. ವಾರದೊಳಗೆ ಎರಡು-ಮೂರು ದೊಡ್ಡ ಚಮಚಕ್ಕೆ, ದಿನಕ್ಕೆ ಎರಡು ಹೊತ್ತಿಗೆ ಬರುತ್ತದೆ. ಹೊಸ ತಿನಿಸು ಯಾವುದೇ ಆದರೂ ಎರಡು-ಮೂರು ದಿನ ಅದೊಂದನ್ನೇ ಹೊಸದಾಗಿ ಕೊಟ್ಟು ನೋಡಿ, ಆಮೇಲೆ ಮುಂದಿನದು. ಒಮ್ಮೆ ಉಗಿಯಿತು ಎಂದು ಕೈಬಿಡಬೇಡಿ. ಕೆಲವು ರುಚಿ ಎಂಟು-ಹತ್ತು ಸಲ ಕೊಟ್ಟ ಮೇಲೆ ಒಗ್ಗುತ್ತದೆ.

ಕೂರಿಸಿ ತಿನ್ನಿಸಬೇಕು, ಇದರಲ್ಲಿ ರಾಜಿ ಇಲ್ಲ. ಕಾಲ ಮೇಲೆ ಅಂಗಾತ ಮಲಗಿಸಿ, ಕೈ ಹಿಡಿದುಕೊಂಡು, ಒಳಲೆಯಲ್ಲಿ ಸರಿ ಹುಯ್ಯುವುದು ಎಷ್ಟೋ ಮನೆಗಳಲ್ಲಿ ಇನ್ನೂ ನಡೆಯುತ್ತಿದೆ. ಅಜ್ಜಿಯರು ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಅಳುತ್ತಿರುವ ಮಗು ಉಸಿರೆಳೆದಾಗ ಸರಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಒಳಲೆಯನ್ನು ಡಾಕ್ಟರು ಹೇಳಿದ ಸಣ್ಣ ಮಕ್ಕಳಿಗೆ ಹಾಲು ಕುಡಿಸಲು ಇಟ್ಟುಕೊಳ್ಳಿ, ಊಟಕ್ಕೆ ಚಮಚವೇ ಇರಲಿ. ಬಾಟಲಿಯಲ್ಲಿ ತೆಳು ಸರಿ ತುಂಬಿ ನಿಪ್ಪಲ್ಲಿನ ತೂತು ದೊಡ್ಡದು ಮಾಡಿ ಕೊಡುವುದೂ ಬೇಡ. ಚಮಚವನ್ನು ಕೆಳತುಟಿಗೆ ಮುಟ್ಟಿಸಿ ಕಾಯಿರಿ. ಬಾಯಿ ತೆರೆದರೆ ಕೊಡಿ. ಮುಖ ತಿರುಗಿಸಿದರೆ, ತುಟಿ ಬಿಗಿದರೆ ಸಾಕು ಎಂದರ್ಥ. ಮೊಬೈಲ್ ತೋರಿಸಿ ತಿನ್ನಿಸಿದರೆ ಎರಡು ಚಮಚ ಹೆಚ್ಚು ಹೋಗಬಹುದು, ಹೊಟ್ಟೆ ತುಂಬಿದ್ದನ್ನು ಅರಿಯುವುದನ್ನು ಮಗು ಕಲಿಯುವುದಿಲ್ಲ. ಎರಡು ವರ್ಷದೊಳಗೆ ಪರದೆಯೇ ಬೇಡ ಎನ್ನುವುದು ಮಕ್ಕಳ ತಜ್ಞರ ಸಲಹೆ.

ಊಟದ ಜೊತೆ ಕಾಯಿಸಿ ಆರಿಸಿದ ನೀರನ್ನು ಎರಡು-ಮೂರು ಗುಟುಕು ಕೊಡಲು ಈಗ ಶುರು ಮಾಡಬಹುದು. ಎದೆಹಾಲು ಎಂದಿನಂತೆ ನಡೆಯಲಿ, ಎರಡು ವರ್ಷದವರೆಗೂ, ಬೇಕೆನಿಸಿದರೆ ಮುಂದೆಯೂ.

ಸರಿ ಒಂದೇ ಸಾಲದು

ಇಲ್ಲಿಯೇ ಬಹಳ ಮನೆಗಳು ಎಡವುವುದು. ರಾಗಿ ಎಷ್ಟೇ ಒಳ್ಳೆಯದಾದರೂ ಅದರ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಮೂರನೇ ವಾರದಿಂದ ಒಂದು ಹೊತ್ತು ಸರಿ, ಇನ್ನೊಂದು ಹೊತ್ತು ಬೇಳೆ-ಅನ್ನ ಎಂದು ಮಾಡಿಕೊಳ್ಳಿ. ಎರಡು ದೊಡ್ಡ ಚಮಚ ಅಕ್ಕಿ, ಒಂದು ಚಮಚ ಹೆಸರುಬೇಳೆ, ಒಂದು ತುಂಡು ಸಿಹಿಗುಂಬಳ ಅಥವಾ ಕ್ಯಾರೆಟ್, ಒಂದೂವರೆ ಲೋಟ ನೀರು, ಚಿಟಿಕೆ ಅರಿಸಿನ. ಕುಕ್ಕರಿನಲ್ಲಿ ಐದು ವಿಸಿಲ್. ಚಮಚದ ಹಿಂಬದಿಯಲ್ಲಿ ನುರಿದು ತುಪ್ಪ ಹಾಕಿ. ಮಿಕ್ಸಿಗೆ ಹಾಕಿ ನಯವಾಗಿ ಅರೆಯುವುದು ಮೊದಲ ಒಂದು ತಿಂಗಳಿಗೆ ಸಾಕು.

ಬೇಳೆ ಕಟ್ಟಿನ ಬಗ್ಗೆ ಒಂದು ಮಾತು. ಮೇಲಿನ ತಿಳಿನೀರು ಬಸಿದು ಮಗುವಿಗೆ ಕೊಟ್ಟು, ಕೆಳಗಿನ ಬೇಳೆಯನ್ನು ದೊಡ್ಡವರ ಸಾರಿಗೆ ಹಾಕುತ್ತಾರೆ. ಸತ್ವವೆಲ್ಲ ಇರುವುದು ಆ ಬೇಳೆಯಲ್ಲೇ. ಗಂಜಿ ತಿಳಿ, ತರಕಾರಿ ಬೇಯಿಸಿದ ನೀರಿನ ಕಥೆಯೂ ಇದೇ. ಮಗುವಿಗೆ ಬೇಳೆ ಕೊಡಿ, ಕಟ್ಟಿನ ಸಾರು ನಾವು ಉಣ್ಣೋಣ.

ಮೊಟ್ಟೆ ತಿನ್ನುವ ಮನೆಯಾದರೆ ಆರೂವರೆ-ಏಳು ತಿಂಗಳಿಗೇ ಗಟ್ಟಿಯಾಗಿ ಬೇಯಿಸಿದ ಮೊಟ್ಟೆಯ ಹಳದಿಯನ್ನು ಕಾಲುಭಾಗದಿಂದ ಶುರು ಮಾಡಿ, ಒಗ್ಗಿದರೆ ಬಿಳಿಯನ್ನೂ ಕೊಡಿ. ವರ್ಷ ತುಂಬುವತನಕ ಮೊಟ್ಟೆ, ಕಡಲೆಬೀಜ ತಡೆದರೆ ಅಲರ್ಜಿ ತಪ್ಪುತ್ತದೆ ಎಂಬ ಹಳೇ ಸಲಹೆ ಈಗ ಬದಲಾಗಿದೆ. ತಡ ಮಾಡಿದರೆ ಅಲರ್ಜಿಯ ಸಾಧ್ಯತೆ ಹೆಚ್ಚಬಹುದು. ಹುರಿದು ಸಿಪ್ಪೆ ತೆಗೆದು ನುಣ್ಣಗೆ ಪುಡಿ ಮಾಡಿದ ಕಡಲೆಬೀಜವನ್ನು ಕಾಲು ಟೀ ಚಮಚ ಸರಿಗೆ ಬೆರೆಸಿ ನೋಡಿ. ಮೈಮೇಲೆ ತೀವ್ರ ಎಕ್ಸಿಮಾ, ಅಂದರೆ ಚರ್ಮ ಒಣಗಿ ತುರಿಸುವ ಕಾಯಿಲೆ, ಇರುವ ಮಗುವಾದರೆ ಮಾತ್ರ ಮೊದಲು ಡಾಕ್ಟರನ್ನು ಕೇಳಿ. ತುಟಿ ಊದುವುದು, ಮೈಯೆಲ್ಲ ದದ್ದು, ಮೇಲಿಂದ ಮೇಲೆ ವಾಂತಿ, ಉಸಿರು ಕಟ್ಟುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮಾಂಸ ತಿನ್ನುವವರು ಚೆನ್ನಾಗಿ ಬೇಯಿಸಿ ಅರೆದ ಕೋಳಿ, ಮುಳ್ಳು ತೆಗೆದ ಮೀನು ಕೊಡಬಹುದು. ಅದರ ಕಬ್ಬಿಣ ಕಾಳುಗಳದಕ್ಕಿಂತ ಸುಲಭವಾಗಿ ಮೈಗೆ ಹತ್ತುತ್ತದೆ.

ಸಸ್ಯಾಹಾರದ ಮನೆಯಲ್ಲಿ ಬೇಳೆ ಸೊಪ್ಪಿನ ಜೊತೆಗೆ ಹುಳಿ ಬೇಕು. ನುಗ್ಗೆಸೊಪ್ಪೋ ದಂಟಿನ ಸೊಪ್ಪೋ ಹಾಕಿ ಬೇಯಿಸಿದ ಬೇಳೆಗೆ ಇಳಿಸಿದ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಅದರ ಸಿ ವಿಟಮಿನ್ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. ಟೀಯಲ್ಲಿ ಬಿಸ್ಕೆಟ್ಟೋ ರಸ್ಕೋ ಅದ್ದಿ ತಿನ್ನಿಸುವುದು ಅದಕ್ಕೆ ನೇರ ವಿರುದ್ಧ, ಟೀಯ ಒಗರು ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಇದರ ಮೇಲೆ ಸರ್ಕಾರದ ಕಬ್ಬಿಣದ ಸಿರಪ್ ಇದೆ: 6 ತಿಂಗಳಿನಿಂದ 5 ವರ್ಷದವರೆಗೆ ವಾರಕ್ಕೆ ಎರಡು ಸಲ 1 ಎಂಎಲ್, ಆಶಾ ಕಾರ್ಯಕರ್ತೆಯರ ಬಳಿ ಸಿಗುತ್ತದೆ. ಡಾಕ್ಟರು ಈಗಾಗಲೇ ಬೇರೆ ಕಬ್ಬಿಣದ ಹನಿ ಬರೆದಿದ್ದರೆ ಎರಡನ್ನೂ ಒಟ್ಟಿಗೆ ಹಾಕಬೇಡಿ, ತೋರಿಸಿ ಕೇಳಿ. ಸಿರಪ್ ಕುಡಿದ ಮಗುವಿನ ಕಕ್ಕ ಕಪ್ಪಾಗುತ್ತದೆ, ಹೆದರಬೇಕಿಲ್ಲ.

ಹಣ್ಣಿಗೆ ಪಚ್ಚಬಾಳೆ, ಪರಂಗಿ, ಸಪೋಟ, ಬೇಯಿಸಿ ನುರಿದ ಸೇಬು. ಬಾಳೆಹಣ್ಣಿನಿಂದ ಶೀತವಾಗುವುದಿಲ್ಲ, ನೆಗಡಿ ಬರುವುದು ವೈರಸ್ಸಿನಿಂದ. ಜ್ಯೂಸ್ ಬೇಡ.

ತಿಂಗಳು ಏರಿದಂತೆ

ಏಳರಿಂದ ಒಂಬತ್ತನೇ ತಿಂಗಳ ಒಳಗೆ ಒಂದು ಹೊತ್ತಿನ ಊಟ ನಿಧಾನವಾಗಿ ಅರ್ಧ ಬಟ್ಟಲಿಗೆ ಏರಬೇಕು, ದಿನಕ್ಕೆ ಎರಡು-ಮೂರು ಹೊತ್ತು, ನಡುವೆ ಒಂದೆರಡು ಸಲ ಹಣ್ಣೋ ಬೇರೇನೋ. ಒಂಬತ್ತರಿಂದ ಹನ್ನೆರಡಕ್ಕೆ ಮೂರು-ನಾಲ್ಕು ಹೊತ್ತು, ಅರ್ಧದಿಂದ ಮುಕ್ಕಾಲು ಬಟ್ಟಲು. ಅದಕ್ಕಿಂತ ಮುಖ್ಯ, ಹದ ಬದಲಾಗಬೇಕು. ಎಂಟನೇ ತಿಂಗಳಿಗೆ ನುರಿದ ಅನ್ನದಲ್ಲಿ ಕಾಳುಕಾಳು ಸಿಗಬೇಕು. ಇಡ್ಲಿಯನ್ನು ಬೆರಳುದ್ದ ಕತ್ತರಿಸಿ ಕೈಗೆ ಕೊಡಿ, ಮೆತ್ತಗೆ ಬೆಂದ ಕ್ಯಾರೆಟ್ ಕೊಡಿ. ಹತ್ತನೇ ತಿಂಗಳವರೆಗೂ ನುಣ್ಣಗೆ ಅರೆದದ್ದನ್ನೇ ತಿಂದ ಮಕ್ಕಳು ಮುಂದೆ ಗಟ್ಟಿ ತಿನಿಸು ಕಂಡರೆ ಓಕರಿಸುತ್ತವೆ, ಎರಡು ವರ್ಷವಾದರೂ ಅಗಿಯಲು ಒಲ್ಲೆ ಎನ್ನುತ್ತವೆ. ಹತ್ತು ತಿಂಗಳಿಗೆ ಮೆತ್ತಗಿನ ಮುದ್ದೆಯ ಕಡಲೆಗಾತ್ರದ ಚೂರನ್ನು ಸೊಪ್ಪಿನ ಸಾರಿನಲ್ಲಿ ಅದ್ದಿ ಕೊಡಬಹುದು. ಸಾರಿಗೆ ಉಪ್ಪು ಖಾರ ಹಾಕುವ ಮೊದಲೇ ಮಗುವಿನ ಪಾಲು ತೆಗೆದಿಟ್ಟರೆ ಬೇರೆ ಅಡುಗೆ ಮಾಡುವ ಕಷ್ಟವೇ ಇಲ್ಲ.

ವರ್ಷ ತುಂಬುವತನಕ ಜೇನುತುಪ್ಪ ಒಂದು ಹನಿಯೂ ಬೇಡ, ನಾಲಗೆಗೆ ಸವರುವುದೂ ಬೇಡ, ಬಜೆಯ ಜೊತೆ ತೇಯ್ದು ನೆಕ್ಕಿಸುವುದೂ ಬೇಡ. ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಕಣ ಎಳೆಗರುಳಿನಲ್ಲಿ ಮೊಳೆತು ವಿಷ ಬಿಡುತ್ತದೆ, ಮಗುವಿನ ಕೈಕಾಲು, ಉಸಿರು ಸೋಲುತ್ತದೆ. ಅಪರೂಪವಾದರೂ ಪ್ರಾಣಕ್ಕೇ ಬರುವಂಥದ್ದು. ಹಸುವಿನ ಹಾಲನ್ನು ಕುಡಿಯಲು ಕೊಡುವುದೂ ವರ್ಷದ ನಂತರವೇ: ಕಬ್ಬಿಣ ಕಡಿಮೆ, ಎಳೆಗರುಳಿನಿಂದ ಸಣ್ಣಗೆ ರಕ್ತ ಸೋರುವಂತೆಯೂ ಮಾಡಬಹುದು. ಮನೆಯ ಮೊಸರನ್ನು ಅನ್ನಕ್ಕೆ ಕಲಸುವುದಕ್ಕೆ ಅಡ್ಡಿಯಿಲ್ಲ. ಇಡೀ ಕಡಲೆಬೀಜ, ಹುರಿಗಡಲೆ, ದ್ರಾಕ್ಷಿ, ಹಸಿ ಕ್ಯಾರೆಟ್, ಚಕ್ಕುಲಿ ಚೂರು ಮಗುವಿನ ಕೈಗೆ ಸಿಗದಂತೆ ನೋಡಿಕೊಳ್ಳಿ. ಹಬ್ಬದ ದಿನ ನೆಂಟರ ಅಕ್ಕರೆಯ ಕೈಗಳ ಮೇಲೂ ಒಂದು ಕಣ್ಣಿರಲಿ.

ಓಕರಿಕೆ ಬೇರೆ, ಗಂಟಲಿಗೆ ಸಿಕ್ಕುವುದು ಬೇರೆ

ಗಟ್ಟಿ ತಿನ್ನಲು ಕಲಿಯುವಾಗ ಮಗು ಓಕರಿಸುತ್ತದೆ. ಮುಖ ಕೆಂಪಾಗುತ್ತದೆ, ಕೆಮ್ಮುತ್ತದೆ, ಶಬ್ದ ಬರುತ್ತದೆ. ತಾನಾಗಿ ಹೊರಹಾಕಲು ಬಿಡಿ, ಬೆರಳು ಹಾಕಬೇಡಿ. ಶಬ್ದವೇ ಇಲ್ಲ, ಅಳಲಾಗುತ್ತಿಲ್ಲ, ತುಟಿ ನೀಲಿಗಟ್ಟುತ್ತಿದೆ ಎಂದರೆ ಉಸಿರುದಾರಿ ಮುಚ್ಚಿದೆ. ಮುಂಗೈ ಮೇಲೆ ಮಗುವನ್ನು ಬೋರಲು ಮಲಗಿಸಿ, ದವಡೆ ಹಿಡಿದು, ತಲೆ ಮೈಗಿಂತ ಕೆಳಗಿರುವಂತೆ ಹಿಡಿಯಿರಿ. ಅಂಗೈಯ ಬುಡದಿಂದ ಎರಡು ಹೆಗಲ ಮೂಳೆಗಳ ನಡುವೆ ಐದು ಸಲ ಬಲವಾಗಿ ತಟ್ಟಿ. ಬರಲಿಲ್ಲವೆಂದರೆ ಅಂಗಾತ ತಿರುಗಿಸಿ, ಎದೆಯ ನಡುವೆ ಮೊಲೆತೊಟ್ಟಿನ ಗೆರೆಯಿಂದ ತುಸು ಕೆಳಗೆ ಎರಡು ಬೆರಳಿಟ್ಟು ಐದು ಸಲ ಒತ್ತಿ. ತಿನಿಸು ಹೊರಬರುವವರೆಗೆ ಇದನ್ನೇ ಮಾಡುತ್ತಿರಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಬಾಯೊಳಗೆ ಕಣ್ಣಿಗೆ ಕಾಣುವ ತುಂಡನ್ನು ಮಾತ್ರ ತೆಗೆಯಿರಿ. ಕಾಣದೆ ಬೆರಳಾಡಿಸಿದರೆ ಅದು ಇನ್ನೂ ಒಳಗೆ ಹೋಗುತ್ತದೆ. ಅಜ್ಜಿ, ಅಜ್ಜ, ಮಗು ನೋಡಿಕೊಳ್ಳುವ ಅಕ್ಕ, ಎಲ್ಲರೂ ಇದನ್ನು ಒಂದು ಗೊಂಬೆಯ ಮೇಲೆ ಮಾಡಿ ಕಲಿತಿರಲಿ.

ಹೊಟ್ಟೆ ಕೆಟ್ಟರೆ, ಜ್ವರ ಬಂದರೆ

ಊಟ ಶುರುವಾದ ಮೇಲೆ ಕಕ್ಕದ ಬಣ್ಣ, ವಾಸನೆ, ಗಟ್ಟಿತನ ಬದಲಾಗುತ್ತದೆ. ರಾಗಿ ತಿಂದರೆ ಕಡುಗಂದು. ಎರಡು ದಿನಕ್ಕೊಮ್ಮೆ ಹೋದರೂ ಮೆತ್ತಗಿದ್ದರೆ ಚಿಂತೆ ಬೇಡ. ಮೇಕೆ ಹಿಕ್ಕೆಯಂತಿದ್ದು ಮುಕ್ಕುತ್ತಿದ್ದರೆ ಪರಂಗಿ ಹಣ್ಣು, ನೀರು, ತುಪ್ಪ ಸ್ವಲ್ಪ ಹೆಚ್ಚಿಸಿ, ಅರೆಹಣ್ಣು ಬಾಳೆ ನಿಲ್ಲಿಸಿ.

ಭೇದಿಯಾದಾಗ ಊಟ ನಿಲ್ಲಿಸುವುದು ದೊಡ್ಡ ತಪ್ಪು. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಪೊಟ್ಟಣ ಓಆರ್‌ಎಸ್ ಕದಡಿ, ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಎಂಎಲ್ ಚಮಚದಲ್ಲಿ ಕುಡಿಸಿ. ಅರ್ಧ ಪೊಟ್ಟಣ ಅರ್ಧ ಲೋಟಕ್ಕೆ ಎಂದು ಅಂದಾಜಿನಲ್ಲಿ ಮಾಡಿದರೆ ಉಪ್ಪು ಹೆಚ್ಚಾಗಿ ಕೆಡುಕೇ ಆಗುತ್ತದೆ. ಕಲಸಿದ್ದನ್ನು 24 ಗಂಟೆಯ ನಂತರ ಚೆಲ್ಲಿ. ಜೊತೆಗೆ ಸತು ಅಂದರೆ ಝಿಂಕ್ ಮಾತ್ರೆ, ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂನಂತೆ 14 ದಿನ. ಭೇದಿ ನಿಂತಿತೆಂದು ನಡುವೆ ಬಿಡಬಾರದು. ಕಣ್ಣು ಒಳಗೆ ಹೋಗಿದ್ದರೆ, ಆರು ಗಂಟೆಯಿಂದ ಉಚ್ಚೆ ಇಲ್ಲದಿದ್ದರೆ, ಕಕ್ಕದಲ್ಲಿ ರಕ್ತ ಕಂಡರೆ, ಕುಡಿದದ್ದೆಲ್ಲ ವಾಂತಿಯಾದರೆ ಮನೆಯಲ್ಲಿ ಕಾಯಬೇಡಿ. ವಾಸಿಯಾದ ಮೇಲೆ ಎರಡು ವಾರ ದಿನಕ್ಕೊಂದು ಹೊತ್ತು ಹೆಚ್ಚು ಊಟ ಕೊಟ್ಟರೆ ಇಳಿದ ತೂಕ ಮರಳುತ್ತದೆ.

ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ತೂಕ ಹಾಕಿಸಿ, ತಾಯಿ ಕಾರ್ಡಿನ ಗೆರೆಯಲ್ಲಿ ಗುರುತು ಹಾಕಿಸಿಕೊಳ್ಳಿ. ಪಕ್ಕದ ಮನೆಯ ಮಗುವಿನ ಕೆನ್ನೆ ನೋಡಿ ಅಳೆಯಬೇಡಿ. ನಿಮ್ಮ ಮಗುವಿನ ಗೆರೆ ಅದರದ್ದೇ ದಾರಿಯಲ್ಲಿ ಏರುತ್ತಿದ್ದರೆ ಊಟ ಸಾಕಾಗುತ್ತಿದೆ. ಎರಡು ತಿಂಗಳು ಗೆರೆ ಅಡ್ಡಡ್ಡ ಹೋದರೆ ಮೊದಲು ಸರಿಯ ಹದ, ಎಷ್ಟು ಹೊತ್ತು ಉಣ್ಣುತ್ತಿದೆ, ಬೇಳೆ ತುಪ್ಪ ಬೀಳುತ್ತಿದೆಯೇ ನೋಡಿ, ಕಾರ್ಡ್ ಹಿಡಿದುಕೊಂಡು ಡಾಕ್ಟರ ಬಳಿಗೂ ಹೋಗಿ.

ವರ್ಷ ತುಂಬಿದ ಮೇಲೆ ಮುಕ್ಕಾಲರಿಂದ ಒಂದು ಬಟ್ಟಲು, ಮೂರು-ನಾಲ್ಕು ಹೊತ್ತು, ಮನೆಯವರ ಜೊತೆ ಕೂತು, ಬೇರೆ ತಟ್ಟೆಯಲ್ಲಿ. ಒಂದೇ ತಟ್ಟೆಯಲ್ಲಿ ಅಣ್ಣ ಅಕ್ಕನ ಜೊತೆ ಹಾಕಿದರೆ ಮಗು ಎಷ್ಟು ತಿಂದಿತೆಂದು ಯಾರಿಗೂ ಗೊತ್ತಾಗುವುದಿಲ್ಲ. ಹಸುವಿನ ಹಾಲು ದಿನಕ್ಕೆ ಎರಡು ಲೋಟ ದಾಟದಿರಲಿ, ದಾಟಿದರೆ ಊಟಕ್ಕೆ ಹಸಿವೆಯೇ ಉಳಿಯುವುದಿಲ್ಲ.